ಓಪನ್‌ಫೇಸ್ 2.0: ಅಭಿನಯದ ಕ್ಲಾಸಿನಲ್ಲಿ ಬಳಸಿ ನೋಡಿದ್ದು

ಮೊದಲು ತೀರ್ಪು ಹೇಳಿಬಿಡುತ್ತೇನೆ. ವಿಡಿಯೋದಲ್ಲಿ ಮುಖದ ಚಲನೆ ಅಳೆಯುವ ಓಪನ್‌ಫೇಸ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ಐದರಲ್ಲಿ ನಾಲ್ಕು ಸ್ಟಾರ್. ತಿಂಗಳಿಗೆ ಚಂದಾ ಕಟ್ಟಿಸಿಕೊಂಡು "ನಿಮ್ಮ ಮುಖದಲ್ಲಿ ಈಗ ಇರುವ ಭಾವನೆ ಇದು" ಎಂದು ಹೇಳುವ ಇನ್ನೊಂದು ಆನ್‌ಲೈನ್ ಸೇವೆಗೆ ಒಂದೇ ಸ್ಟಾರ್. ಆ ಎರಡನೆಯದರ ಹೆಸರು ಬರೆಯುವುದಿಲ್ಲ. ಆ ತರಹದವು ಬೇಕಾದಷ್ಟಿವೆ.

ನಾನು ಮೈಸೂರಿನಲ್ಲಿ ಭರತನಾಟ್ಯ ಕಲಿಸುತ್ತೇನೆ. ಹಗಲು ಹೊತ್ತು ಅಕೌಂಟ್ಸ್ ಕೆಲಸ, ಸಂಜೆ ಮನೆಯ ಮಹಡಿ ಮೇಲೆ ಕ್ಲಾಸು. ಹಾಗಾಗಿ ಎಕ್ಸೆಲ್ ಅಂದರೆ ನನಗೆ ಭಯ ಇಲ್ಲ. ಪ್ರೋಗ್ರಾಮಿಂಗ್ ಅಂದರೆ ಇದೆ. ಈ ವಿಮರ್ಶೆಯನ್ನು ಅಷ್ಟು ತಿಳಿದುಕೊಂಡೇ ಓದಿ. ಸಂಶೋಧಕರಿಗೆ ಇದು ಹೇಗಿದೆ ಎಂದು ಹೇಳುವವರು ಬೇರೆ ಇದ್ದಾರೆ. ಮುಖವನ್ನೇ ಕಸುಬು ಮಾಡಿಕೊಂಡವರಿಗೆ ಹೇಗಿದೆ ಎಂದು ನಾನು ಹೇಳಬಲ್ಲೆ.

ಇದು ಯಾಕೆ ಬೇಕಾಯಿತು ಅಂದರೆ, ಅಭಿನಯ ಕಲಿಸುವಾಗ ಒಂದು ಜಗಳ ದಿನಾ ಇರುತ್ತದೆ. "ಮುಖದಲ್ಲಿ ಏನೂ ಬರ್ತಿಲ್ಲ" ಎಂದು ನಾನು. "ಬರ್ತಿದೆ ಮಿಸ್" ಎಂದು ಹುಡುಗಿ. ಅವಳಿಗೆ ಒಳಗಿನಿಂದ ಬರುತ್ತಿರುವ ಹಾಗೇ ಅನ್ನಿಸುತ್ತದೆ, ಸುಳ್ಳಲ್ಲ. ಕನ್ನಡಿ ಮುಂದೆ ನಿಲ್ಲಿಸಿದರೆ ಕನ್ನಡಿಗಾಗಿ ಮಾಡುತ್ತಾಳೆ. ವಿಡಿಯೋ ತೋರಿಸಿದರೆ ತನ್ನ ಮೂಗು, ತನ್ನ ಮೊಡವೆ ನೋಡುತ್ತಾಳೆ. ಮೈಸೂರಿನಲ್ಲಿ ಅಭಿನಯವನ್ನು ಅಷ್ಟಕ್ಕಷ್ಟೇ ಎಂದು ಬಿಡುವ ಹಾಗೂ ಇಲ್ಲ. ಜಟ್ಟಿ ತಾಯಮ್ಮನವರು, ಅವರ ಶಿಷ್ಯೆ ವೆಂಕಟಲಕ್ಷಮ್ಮನವರು ಅರಮನೆಯಲ್ಲಿ ಹೆಸರು ಮಾಡಿದ್ದೇ ಮುಖದಿಂದ. ವೆಂಕಟಲಕ್ಷಮ್ಮನವರು ವಯಸ್ಸಾದ ಮೇಲೆ ಕುಳಿತಲ್ಲೇ ಅಭಿನಯ ಮಾಡಿ ತೋರಿಸುತ್ತಿದ್ದರು. 1992ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕುಳಿತು ಮಾಡುವ ಅಭಿನಯ ಕ್ಯಾಮೆರಾಕ್ಕೂ ಬಹಳ ಅನುಕೂಲ. ತಲೆ ಒಂದೇ ಕಡೆ ಇರುತ್ತದೆ, ಮುಖ ಫ್ರೇಮಿನ ತುಂಬ ಸಿಗುತ್ತದೆ.

ಓಪನ್‌ಫೇಸ್ ಮಾಡುವ ಕೆಲಸ ಇಷ್ಟು. ವಿಡಿಯೋ ಕೊಟ್ಟರೆ ಪ್ರತಿ ಫ್ರೇಮಿನಲ್ಲೂ ಮುಖ ಹುಡುಕುತ್ತದೆ. ಅದರ ಮೇಲೆ 68 ಚುಕ್ಕೆ ಇಡುತ್ತದೆ. ದವಡೆಯ ಅಂಚಿಗೆ 17, ಹುಬ್ಬುಗಳಿಗೆ ಐದೈದು, ಮೂಗಿಗೆ 9, ಕಣ್ಣುಗಳಿಗೆ ಆರಾರು, ಮಿಕ್ಕ 20 ತುಟಿಗೆ. ಆಮೇಲೆ ತಲೆ ಎತ್ತ ತಿರುಗಿದೆ, ಕಣ್ಣು ಎತ್ತ ನೋಡುತ್ತಿದೆ, ಮುಖದ ಯಾವ ಸ್ನಾಯು ಎಷ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕಿ, ಎಕ್ಸೆಲ್‌ನಲ್ಲಿ ತೆರೆಯಬಹುದಾದ ಒಂದು ಸಿಎಸ್‌ವಿ ಫೈಲಿನಲ್ಲಿ ಬರೆದಿಡುತ್ತದೆ. ಒಂದು ಫ್ರೇಮಿಗೆ ಒಂದು ಸಾಲು. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೋ ಆದರೆ ಒಂದು ನಿಮಿಷಕ್ಕೆ 1800 ಸಾಲು. ನನ್ನಂಥ ಲೆಕ್ಕದವಳಿಗೆ ಇದು ಹಬ್ಬ.

ಗಮನಿಸಿ, ಆ ಫೈಲಿನಲ್ಲಿ "ಸಂತೋಷ", "ದುಃಖ", "ಕೋಪ" ಎಂಬ ಕಾಲಂ ಒಂದೂ ಇಲ್ಲ. ಇದೇ ಕಾರಣಕ್ಕೆ ನನಗೆ ಇದು ಇಷ್ಟವಾಯಿತು.

ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ತಾದಾಸ್ ಬಾಲ್ಟ್ರುಶೈಟಿಸ್ ಮತ್ತು ಪೀಟರ್ ರಾಬಿನ್ಸನ್, ಅಮೆರಿಕದ ಕಾರ್ನಿಗಿ ಮೆಲನ್‌ನ ಲೂಯಿ-ಫಿಲಿಪ್ ಮೊರೆನ್ಸಿ ಸೇರಿ 2016ರಲ್ಲಿ ಮೊದಲ ಆವೃತ್ತಿ ಬಿಟ್ಟರು. 2018ರಲ್ಲಿ 2.0 ಬಂತು. ನಾನು ಬಳಸುತ್ತಿರುವುದು ಅದನ್ನೇ. ಇದೇ ಹೆಸರಿನ ಇನ್ನೊಂದು ಓಪನ್‌ಫೇಸ್ ಇದೆ, ಅದೂ ಕಾರ್ನಿಗಿ ಮೆಲನ್‌ನಿಂದಲೇ ಬಂದದ್ದು. ಅದು "ಈ ಮುಖ ಯಾರದು" ಎಂದು ಗುರುತು ಹಿಡಿಯುವಂಥದ್ದು. ನಮಗೆ ಬೇಡ. ಹುಡುಕುವಾಗ, ಇಂಥ ಸಾಫ್ಟ್‌ವೇರ್ ಇಟ್ಟಿರುವ ಗಿಟ್‌ಹಬ್ ತಾಣದಲ್ಲಿ ಬಾಲ್ಟ್ರುಶೈಟಿಸ್ ಹೆಸರಿನ ಪುಟವೇ ಹೌದಾ ನೋಡಿಕೊಳ್ಳಿ.

ಹಾಕಿಕೊಳ್ಳುವ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವಿಂಡೋಸ್ ಇದ್ದರೆ ಜಿಪ್ ಫೈಲ್ ಇಳಿಸಿ ಬಿಚ್ಚಿದರೆ ಆಯಿತು. ಆದರೆ ಮಾಡೆಲ್ ಫೈಲುಗಳು ಅದರೊಳಗೆ ಇರುವುದಿಲ್ಲ. ಅವನ್ನು ಇಳಿಸಲು ಒಂದು ಪವರ್‌ಶೆಲ್ ಸ್ಕ್ರಿಪ್ಟ್ ಇದೆ, ಅದನ್ನು ಒಮ್ಮೆ ಓಡಿಸಬೇಕು. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಕೂಡ ಇರಬೇಕು. ನನ್ನ ಅಕ್ಕನ ಮಗ ಕಾಫಿ ಕುಡಿಯುತ್ತಾ ಮಾಡಿಕೊಟ್ಟ. ಮ್ಯಾಕ್ ಅಥವಾ ಲಿನಕ್ಸ್ ಇದ್ದರೆ ನೀವೇ ಕಂಪೈಲ್ ಮಾಡಬೇಕು, ಇಲ್ಲ ಡಾಕರ್ ಬೇಕು. ಇದೆಲ್ಲ ಏನು ಅಂತ ಗೊತ್ತಿಲ್ಲದವರು ವಿಂಡೋಸ್ ಲ್ಯಾಪ್‌ಟಾಪನ್ನೇ ಹುಡುಕಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಬೇಡ. ಸ್ನಾಯುಗಳ ಲೆಕ್ಕಕ್ಕೆ ಇದು ಬಳಸುವುದು ಸ್ವಲ್ಪ ಹಳೆಯ, ಹಗುರವಾದ ವಿಧಾನ. ನನ್ನ ಸಾಧಾರಣ ಲ್ಯಾಪ್‌ಟಾಪಿನಲ್ಲಿ ತಕರಾರಿಲ್ಲದೆ ಓಡುತ್ತದೆ.

ಈಗ ಆ ಕಾಲಂಗಳ ವಿಷಯಕ್ಕೆ ಬರೋಣ.

ಸ್ನಾಯುಗಳಿಗೆ ನಂಬರ್ ಕೊಡುವ ಪದ್ಧತಿಗೆ ಫ್ಯಾಕ್ಸ್ ಎಂದು ಹೆಸರು. ಕಾಗದ ಕಳಿಸುವ ಫ್ಯಾಕ್ಸ್ ಅಲ್ಲ. ಸ್ವೀಡನ್ನಿನ ಅಂಗರಚನಾ ತಜ್ಞ ಕಾರ್ಲ್-ಹರ್ಮನ್ ಯೋರ್ಟ್‌ಶೋ ಶುರು ಮಾಡಿದ ಕೆಲಸವನ್ನು ಅಮೆರಿಕದ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸನ್ ಬೆಳೆಸಿ 1978ರಲ್ಲಿ ಪ್ರಕಟಿಸಿದರು. 2002ರಲ್ಲಿ ಅದನ್ನು ತಿದ್ದಿದರು. ಒಂದೊಂದು ಚಲನೆಗೆ ಒಂದೊಂದು ಆಕ್ಷನ್ ಯೂನಿಟ್, ಚಿಕ್ಕದಾಗಿ ಎಯು. ಎಯು 1 ಅಂದರೆ ಹುಬ್ಬಿನ ಒಳತುದಿ ಏರುವುದು. 2 ಅಂದರೆ ಹೊರತುದಿ ಏರುವುದು. 4 ಹುಬ್ಬು ಗಂಟಿಕ್ಕುವುದು. 5 ಮೇಲಿನ ರೆಪ್ಪೆ ಎತ್ತಿ ಕಣ್ಣರಳಿಸುವುದು. 6 ಕೆನ್ನೆ ಏರಿ ಕಣ್ಣಿನ ಪಕ್ಕ ನಿರಿಗೆ ಮೂಡುವುದು. 9 ಮೂಗು ಸುಕ್ಕಾಗುವುದು. 12 ತುಟಿಯ ತುದಿಗಳು ಮೇಲೇರುವುದು. 15 ಅವೇ ತುದಿಗಳು ಇಳಿಯುವುದು. 45 ರೆಪ್ಪೆ ಬಡಿಯುವುದು. ಓಪನ್‌ಫೇಸ್ ಇಂಥ 18 ಯೂನಿಟ್ ನೋಡುತ್ತದೆ. ಅದರಲ್ಲಿ 17ಕ್ಕೆ 0ಯಿಂದ 5ರವರೆಗೆ ಅಂಕವನ್ನೂ ಕೊಡುತ್ತದೆ.

ಈ ಪಟ್ಟಿ ಮೊದಲು ನೋಡಿದಾಗ ನನಗೆ ನಗು ಬಂತು. ನಾಟ್ಯಶಾಸ್ತ್ರದಲ್ಲಿ ಹುಬ್ಬಿನ ಚಲನೆಯೇ ಏಳು ಬಗೆ. ಎತ್ತುವುದು ಉತ್ಕ್ಷೇಪ, ಇಳಿಸುವುದು ಪಾತನ, ಗಂಟಿಕ್ಕುವುದು ಭ್ರುಕುಟಿ. ದೃಷ್ಟಿ 36 ಬಗೆ. ಕೆನ್ನೆಗೆ, ಮೂಗಿಗೆ, ಕೆಳತುಟಿಗೆ ಬೇರೆ ಬೇರೆ ಪಟ್ಟಿ. ಇದನ್ನೆಲ್ಲ ಬಾಯಿಪಾಠ ಮಾಡಿದವರಿಗೆ ಎಯು ಪಟ್ಟಿ ಕಲಿಯಲು ಒಂದು ಸಂಜೆ ಸಾಕು. "ಎಲ್ಲ ನಮ್ಮಲ್ಲೇ ಇತ್ತು" ಎಂದು ಎದೆ ತಟ್ಟಿಕೊಳ್ಳುವ ಜಾತಿ ನಾನಲ್ಲ. ನಮ್ಮ ಪಟ್ಟಿ ನೋಡುವವರಿಗೆ ಏನು ಮುಟ್ಟಬೇಕು ಎನ್ನುವುದಕ್ಕಾಗಿ ಮಾಡಿದ್ದು. ಅವರದು ಯಾವ ಸ್ನಾಯು ಎಳೆಯಿತು ಎನ್ನುವುದಕ್ಕೆ. ಎರಡರ ಕೆಲಸ ಬೇರೆ.

ಕ್ಲಾಸಿನಲ್ಲಿ ಮೊದಲು ಉಪಯೋಗಕ್ಕೆ ಬಂದದ್ದು ನಗು. ವೇದಿಕೆ ಮೇಲೆ ಹುಡುಗಿಯರು ನಗು ಅಂಟಿಸಿಕೊಂಡು ನಿಲ್ಲುತ್ತಾರಲ್ಲ, ಆ ನಗು. ಗ್ರಾಫಿನಲ್ಲಿ ಅದು ಸ್ಪಷ್ಟ. ಎಯು 12 ಎತ್ತರದಲ್ಲಿ ಗೆರೆ ಎಳೆದ ಹಾಗೆ ಹೋಗುತ್ತಿರುತ್ತದೆ, ಎಯು 6 ನೆಲ ಬಿಟ್ಟು ಏಳುವುದೇ ಇಲ್ಲ. ಬಾಯಿ ಮಾತ್ರ ನಗುತ್ತಿದೆ, ಕಣ್ಣು ಇಲ್ಲ. ಈ ವ್ಯತ್ಯಾಸವನ್ನು ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲೇ ಬರೆದಿದ್ದ. ಮುಖದ ಸ್ನಾಯುಗಳಿಗೆ ವಿದ್ಯುತ್ ತಾಗಿಸಿ ಫೋಟೋ ತೆಗೆದವನು ಅವನು. ಕಣ್ಣಿನ ಸುತ್ತಲ ಸ್ನಾಯು ಬೇಕೆಂದಾಗ ಮಾತು ಕೇಳುವುದಿಲ್ಲ, ನಿಜವಾದ ಸಂತೋಷಕ್ಕೆ ಮಾತ್ರ ಏಳುತ್ತದೆ ಎಂದು ಅವನ ನಂಬಿಕೆ. ನಮ್ಮ ಕಸುಬೇ ಅದನ್ನು ಬೇಕೆಂದಾಗ ಎಬ್ಬಿಸುವುದು! ಈಗ ನನ್ನ ದೊಡ್ಡ ಹುಡುಗಿಯರು ಎರಡೂ ಗೆರೆ ಜೊತೆಗೆ ಏಳುವವರೆಗೆ ಬಿಡುವುದಿಲ್ಲ. "ಮಿಸ್, ನನ್ನ ಸಿಕ್ಸ್ ಬಂತಾ?" ಎಂದು ಕೇಳುತ್ತಾರೆ. ಹೊರಗಿನವರು ಕೇಳಿಸಿಕೊಂಡರೆ ಕ್ರಿಕೆಟ್ ಕೋಚಿಂಗ್ ಅಂದುಕೊಂಡಾರು.

ಅಂಕಕ್ಕಿಂತ ನನಗೆ ಬೆಲೆಯುಳ್ಳದ್ದು ಅನ್ನಿಸಿದ್ದು ಕಾಲದ ಲೆಕ್ಕ. ಒಂದು ಭಾವ ಎಷ್ಟು ಬೇಗ ಏರಿತು, ಎಷ್ಟು ಹೊತ್ತು ನಿಂತಿತು, ಹೇಗೆ ಇಳಿಯಿತು ಎನ್ನುವುದು ಫೋಟೋದಲ್ಲಿ ಕಾಣದು. ವಿಡಿಯೋ ಬೇಕು. ಕಲಿಯುವವರ ಮುಖದಲ್ಲಿ ಭಾವ ಏರುವುದು ಚೆನ್ನಾಗೇ ಇರುತ್ತದೆ. ಇಳಿಯುವುದು ಮಾತ್ರ ಲೈಟ್ ಆರಿಸಿದ ಹಾಗೆ. ಸಾಹಿತ್ಯದ ಸಾಲು ಮುಗಿದ ತಕ್ಷಣ ಮುಖ ಖಾಲಿ. ಗ್ರಾಫಿನಲ್ಲಿ ಅದು ಗೋಡೆ ಕಡಿದಂತೆ ನೇರ ಕೆಳಗೆ ಬೀಳುತ್ತದೆ. ನಮ್ಮ ಗುರುಗಳಿಗೆ ಈಗ ಎಪ್ಪತ್ತು ದಾಟಿದೆ. ಅವರು ಒಂದು ಪದ, ಅಂದರೆ ಅಭಿನಯಕ್ಕೆಂದೇ ಇರುವ ಹಾಡು, ಮಾಡಿದ್ದನ್ನು ಚಿತ್ರೀಕರಿಸಿ ಹಾಕಿ ನೋಡಿದೆ. ಅವರ ಗೆರೆ ಎಲ್ಲೂ ಹಾಗೆ ಬೀಳುವುದಿಲ್ಲ. ಒಂದು ಇಳಿಯುವಷ್ಟರಲ್ಲಿ ಅದರ ಮೇಲೇ ಇನ್ನೊಂದು ಏರಿರುತ್ತದೆ. ಎಯು 1 ಇನ್ನೂ ನಿಂತಿರುವಾಗಲೇ 12 ಮೆಲ್ಲಗೆ ತಲೆ ಎತ್ತುತ್ತದೆ. ಗುರುಗಳಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ನನಗೇನು ಬಿಪಿ ಚೆಕ್ ಮಾಡ್ತಿದ್ದೀಯೇನೇ?" ಎಂದರು. ಆಮೇಲೆ ಆ ಎರಡು ಗೆರೆ ಹಾಯುವ ಜಾಗಕ್ಕೆ ಬೆರಳಿಟ್ಟು "ಇಲ್ಲಿ ಅವಳಿಗೆ ಅವನ ಹೆಜ್ಜೆ ಸಪ್ಪಳ ಕೇಳಿಸಿದೆ" ಎಂದರು. ವಿಡಿಯೋದಲ್ಲಿ ನೋಡಿದರೆ ಅದೇ ಜಾಗ.

ನೃತ್ತಕ್ಕೂ, ಅಂದರೆ ಅಭಿನಯವಿಲ್ಲದ ಬರೀ ಕುಣಿತಕ್ಕೂ, ಇದು ಉಪಯೋಗಕ್ಕೆ ಬಂತು, ಅದು ನಾನು ಎಣಿಸಿರಲಿಲ್ಲ. ಕಾಲು ತಟ್ಟುವ ಹೆಜ್ಜೆಯಾದ ತಟ್ಟಡವು ಮೂರನೇ ಕಾಲಕ್ಕೆ, ಅಂದರೆ ಬಹಳ ವೇಗಕ್ಕೆ, ಬಂದಾಗ ಒಬ್ಬ ಹುಡುಗಿ ಕಾಲು ತಟ್ಟಿದಾಗೆಲ್ಲ ಕಣ್ಣು ಮಿಟುಕಿಸುತ್ತಾಳೆ. ಬರಿಗಣ್ಣಿಗೆ "ಏನೋ ಸರಿಯಿಲ್ಲ" ಅನ್ನಿಸುತ್ತದೆ, ಏನು ಎಂದು ಹೊಳೆಯುವುದಿಲ್ಲ. ಎಯು 45ರ ಗೆರೆ ತಾಳ ಹಾಕಿದ ಹಾಗೆ ಏರಿ ಇಳಿಯುತ್ತಿತ್ತು. ಅವಳಿಗೂ ತಮಾಷೆ ಅನ್ನಿಸಿತು, ಬೇಗ ತಿದ್ದಿಕೊಂಡಳು.

ಹಾಗೆಯೇ ಅಟಮಿ, ಅಂದರೆ ಕತ್ತಿನ ಚಲನೆ. ಸುಂದರಿ ಗ್ರೀವದಲ್ಲಿ ಕತ್ತು ಪಕ್ಕಕ್ಕೆ ಸರಿಯಬೇಕು, ತಲೆ ವಾಲಬಾರದು. ಫೈಲಿನಲ್ಲಿ ತಲೆ ಇರುವ ಜಾಗ ಮಿಲಿಮೀಟರಿನಲ್ಲಿ ಸಿಗುತ್ತದೆ, ತಲೆ ವಾಲಿದ ಕೋನ ಬೇರೆ ಕಾಲಂನಲ್ಲಿ ಸಿಗುತ್ತದೆ. ಜಾಗದ ಗೆರೆ ಅಲೆಯಬೇಕು, ಕೋನದ ಗೆರೆ ಮಲಗಿರಬೇಕು. ಹೊಸಬರಲ್ಲಿ ಎರಡೂ ಒಟ್ಟಿಗೆ ಕುಣಿಯುತ್ತವೆ. ಕ್ಯಾಮೆರಾದ ಲೆನ್ಸ್ ಲೆಕ್ಕವನ್ನು ಸಾಫ್ಟ್‌ವೇರ್ ಅಂದಾಜಿನ ಮೇಲೆ ಹಿಡಿಯುವುದರಿಂದ ಮಿಲಿಮೀಟರುಗಳನ್ನು ಅಕ್ಷರಶಃ ನಂಬಬೇಡಿ. ಗೆರೆಯ ಆಕಾರ ನೋಡಿ, ಸಾಕು. ಕಣ್ಣಿನ ದಿಕ್ಕಿನ ಕಾಲಂ ಕೂಡ ಹೀಗೇ. ಪ್ರಲೋಕಿತದಲ್ಲಿ ಕಣ್ಣು ಈ ಕಡೆಯಿಂದ ಆ ಕಡೆಗೆ ಹೋಗಿ ಬರುವುದು ಒಳ್ಳೆಯ ಅಲೆಯಾಗಿ ಕಾಣುತ್ತದೆ. ಅರ್ಧ ಮುಚ್ಚಿದ ಕಣ್ಣಿನ ನಿಮೀಲಿತದಲ್ಲಿ ಪಾಪೆ ಸಿಗದೆ ದಿಕ್ಕಿನ ಲೆಕ್ಕ ತಬ್ಬಿಬ್ಬಾಗುತ್ತದೆ.

ಇನ್ನು ಆಗದಿರುವ ಕೆಲಸಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಅಂಕ ತೋರಿಸುತ್ತದೆ ಅಂದ ತಕ್ಷಣ ನಂಬಿಬಿಡುವ ಚಾಳಿ ನಮಗೆಲ್ಲ ಇದೆ.

ದೊಡ್ಡ ಕೊರತೆ, ಎಡ ಬಲದ ಭೇದ ಇಲ್ಲ. ಎಯು 2ಕ್ಕೆ ಇಡೀ ಮುಖಕ್ಕೆ ಸೇರಿ ಒಂದೇ ಅಂಕ. ನಮ್ಮಲ್ಲಿ ಒಂದೇ ಹುಬ್ಬನ್ನು ಲಲಿತವಾಗಿ ಎತ್ತುವ ರೇಚಿತ ಇದೆ. ಶೃಂಗಾರದಲ್ಲಿ ಅದಿಲ್ಲದೆ ನಡೆಯುವುದೇ ಇಲ್ಲ. ಇದಕ್ಕೊಂದು ದಾರಿ ಇದೆ. 68 ಚುಕ್ಕೆಗಳ ಸ್ಥಾನವೂ ಫೈಲಿನಲ್ಲಿ ಇರುತ್ತದಲ್ಲ. ಎಣಿಕೆ 0ಯಿಂದ ಶುರು. ಒಂದು ಹುಬ್ಬು 17ರಿಂದ 21, ಇನ್ನೊಂದು 22ರಿಂದ 26. ಪ್ರತಿ ಹುಬ್ಬಿನ ಮಧ್ಯದ ಚುಕ್ಕೆಗೂ ಅದರ ಕೆಳಗಿನ ಕಣ್ಣಿನ ಒಳಮೂಲೆಗೂ ಇರುವ ದೂರವನ್ನು ಎಕ್ಸೆಲ್‌ನಲ್ಲಿ ಕಳೆದು ನೋಡಿದರೆ ಯಾವ ಹುಬ್ಬು ಎಷ್ಟು ಏರಿತು ಗೊತ್ತಾಗುತ್ತದೆ. ತಲೆ ನೇರ ಇದ್ದಾಗ ಮಾತ್ರ.

ಎರಡನೆಯದು ಕೈ. ಭರತನಾಟ್ಯದಲ್ಲಿ ಕೈ ಮುಖದ ಹತ್ತಿರವೇ ಓಡಾಡುತ್ತದೆ. ಕನ್ನಡಿ ಹಿಡಿದಂತೆ, ತಿಲಕ ಇಟ್ಟಂತೆ, ನಾಚಿ ಮುಖ ಮುಚ್ಚಿದಂತೆ. ಹಸ್ತ ಅಡ್ಡ ಬಂದ ತಕ್ಷಣ ಚುಕ್ಕೆಗಳು ಬೆರಳ ಮೇಲೆ ಹೋಗಿ ಕೂರುತ್ತವೆ. ಪೂರ್ತಿ ಪಕ್ಕಕ್ಕೆ ತಿರುಗಿದರೂ ಅಷ್ಟೇ. ಇಂಥ ಕಡೆ ಕಾನ್ಫಿಡೆನ್ಸ್ ಎಂಬ ಕಾಲಂ ಕೆಳಗೆ ಬೀಳುತ್ತದೆ. ನಾನು 0.8ಕ್ಕಿಂತ ಕಡಿಮೆ ಇರುವ ಸಾಲುಗಳನ್ನು ಫಿಲ್ಟರ್ ಮಾಡಿ ಎತ್ತಿಹಾಕುತ್ತೇನೆ. ವಿಡಿಯೋ ತೆಗೆಯುವಾಗ ಕೈ ಕೆಳಗಿಟ್ಟು ಬರೀ ಮುಖದಲ್ಲಿ ಒಂದು ಸಲ, ಆಮೇಲೆ ಹಸ್ತ ಸೇರಿಸಿ ಒಂದು ಸಲ ಮಾಡಿಸುವುದೂ ಒಳ್ಳೆಯದು. ಕಲಿಕೆಗೂ ಅದು ಒಳ್ಳೆಯ ಅಭ್ಯಾಸವೇ.

ಮೇಕಪ್ ಇನ್ನೊಂದು ತಲೆನೋವು. ಅಂಜನವನ್ನು ಕಿವಿಯ ಕಡೆಗೆ ಉದ್ದ ಎಳೆದು, ಹುಬ್ಬನ್ನು ಕಪ್ಪಾಗಿ ತಿದ್ದಿದರೆ ಚುಕ್ಕೆಗಳು ಬಣ್ಣವನ್ನು ಹಿಂಬಾಲಿಸುತ್ತವೆ, ಚರ್ಮವನ್ನಲ್ಲ. ಅಭ್ಯಾಸದ ವಿಡಿಯೋಗೆ ಬರೀ ಮುಖವೇ ಸರಿ. ಕರಾವಳಿಯ ಸ್ನೇಹಿತರೊಬ್ಬರು ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷದ ಮೇಲೆ ಓಡಿಸಿ ನೋಡಬಹುದಾ ಎಂದು ಕೇಳಿದರು. ಮುಖದ ತುಂಬ ಚುಟ್ಟಿ ಇಟ್ಟ ರಾಕ್ಷಸ ವೇಷದಲ್ಲಿ ಇದು ಹುಬ್ಬು ಎಲ್ಲಿ ಹುಡುಕೀತು, ಹೇಳಿ. ಅದನ್ನು ಇದರಿಂದ ಕೇಳುವುದೇ ಅನ್ಯಾಯ. ಇದರ ಸ್ನಾಯು ಲೆಕ್ಕ ಕಲಿತದ್ದು ಪ್ರಯೋಗಾಲಯದಲ್ಲಿ ತೆಗೆದ ವಿಡಿಯೋ, ಫೋಟೋಗಳಿಂದ. ಅವುಗಳಲ್ಲಿ ಡಿಸ್ಫಾ ಎಂಬ ಸಂಗ್ರಹದಲ್ಲಿ ಇರುವುದು 27 ಜನ. ಇನ್ನೊಂದರಲ್ಲಿ ಭುಜದ ನೋವಿನ ರೋಗಿಗಳು ಕೈ ಎತ್ತುವಾಗ ಮುಖ ಕಿವುಚಿದ್ದು. ಕುರ್ಚಿಯಲ್ಲಿ ಕುಳಿತು ತುಣುಕು ವಿಡಿಯೋ ನೋಡುತ್ತಿದ್ದವರ ಮುಖದಿಂದ ಕಲಿತದ್ದು, ರೌದ್ರ ರಸದ ಮುಂದೆ ಕಂಗಾಲಾಗದೆ ಇಷ್ಟು ನಿಲ್ಲುತ್ತದಲ್ಲ ಎಂಬುದೇ ನನಗೆ ಆಶ್ಚರ್ಯ.

ಕೈಪಿಡಿ ಓದದವರಿಗೆ ಗೊತ್ತಾಗದ ಒಂದು ಸೂಕ್ಷ್ಮ ಇದೆ. ವಿಡಿಯೋ ಕೊಟ್ಟಾಗ ಓಪನ್‌ಫೇಸ್ ಆ ವ್ಯಕ್ತಿಯ ಸಾಮಾನ್ಯ ಮುಖ ಯಾವುದು ಎಂದು ಆ ವಿಡಿಯೋದಿಂದಲೇ ಅಂದಾಜು ಮಾಡಿಕೊಳ್ಳುತ್ತದೆ. ಹೆಚ್ಚು ಹೊತ್ತು ಕಂಡ ಮುಖವೇ ಸಾಮಾನ್ಯ ಮುಖ ಎಂದು ಹಿಡಿದು, ಅದರಿಂದ ಎಷ್ಟು ಆಚೆ ಹೋಯಿತು ಎಂದು ಅಳೆಯುತ್ತದೆ. ಹುಟ್ಟಾ ಹುಬ್ಬು ಕೆಳಗಿರುವವರನ್ನು ಸದಾ ಗಂಟಿಕ್ಕಿದವರು ಎಂದು ಲೆಕ್ಕ ಹಾಕದಿರಲು ಈ ಉಪಾಯ. ಆದರೆ ವಿಡಿಯೋ ಪೂರ್ತಿ ನಗುತ್ತಲೇ ಇದ್ದರೆ? ಆ ನಗುವೇ ಸೊನ್ನೆಯಾಗಿಬಿಡುತ್ತದೆ. ಆದ್ದರಿಂದ ಪ್ರತಿ ವಿಡಿಯೋದಲ್ಲೂ ಸುಮ್ನೆ ಕುಳಿತ ಮುಖ ಸಾಕಷ್ಟು ಹೊತ್ತು ಇರಬೇಕು. ಚಿಕ್ಕ ತುಣುಕುಗಳಿಗೆ ಈ ಹೊಂದಾಣಿಕೆ ಬೇಡ ಎಂದು ಹೇಳುವ ಬೇರೆ ಆಯ್ಕೆಯೂ ಇದೆ. ಇಬ್ಬರು ಹುಡುಗಿಯರ ಅಂಕ ಹೋಲಿಸಿ "ನಿನಗಿಂತ ಅವಳದು ಜಾಸ್ತಿ" ಎನ್ನಬಾರದು ಎಂಬುದಕ್ಕೂ ಇದೇ ಕಾರಣ. ಅದೇ ಹುಡುಗಿಯ ಹೋದ ತಿಂಗಳ ವಿಡಿಯೋ ಜೊತೆ ಹೋಲಿಸಬಹುದು, ಅದೂ ಬೆಳಕು, ದೂರ ಎರಡೂ ಒಂದೇ ಇದ್ದರೆ.

ಬಾಯಲ್ಲಿ ಹಾಡಿಕೊಂಡು ಅಭಿನಯ ಮಾಡಿದರೆ ತುಟಿಯ ಯೂನಿಟ್‌ಗಳೆಲ್ಲ ಹಾಡಿಗೇ ಕುಣಿಯುತ್ತವೆ. ನಾಟಕದವರು ಇದನ್ನು ನೆನಪಿಡಿ. ಮಾತಿರುವ ದೃಶ್ಯದಲ್ಲಿ ಹುಬ್ಬು ಕಣ್ಣಿನ ಕಾಲಂ ಮಾತ್ರ ನೋಡಿ.

ಈಗ ಆ ಒಂದು ಸ್ಟಾರಿನ ಸೇವೆ. ಇಂಟರ್‌ವ್ಯೂಗೆ, ಭಾಷಣಕ್ಕೆ ತಯಾರಾಗುವವರಿಗೆ ಎಂದು ಅದರ ಜಾಹೀರಾತು. ವಿಡಿಯೋ ಹಾಕಿದರೆ ಏಳು ಭಾವನೆಗಳ ಬಣ್ಣದ ಪಟ್ಟಿ ಬರುತ್ತದೆ. ಸಂತೋಷ ಇಷ್ಟು, ದುಃಖ ಇಷ್ಟು, ಭಯ ಇಷ್ಟು ಎಂದು ಶೇಕಡಾ ಲೆಕ್ಕ. ನೋಡಲು ಚೆಂದ. ಒಂದೂ ಗುಂಡಿ ಗೊಂದಲವಿಲ್ಲ. ಹುಡುಗಿಯರಿಗೆ ಮೊದಮೊದಲು ಇದೇ ಇಷ್ಟ.

ನಾನು ಖಂಡಿತಾ ನಾಯಿಕೆಯ, ಅಂದರೆ ನಲ್ಲನಿಂದ ಮೋಸಹೋದವಳ, ಒಂದು ತುಣುಕು ಹಾಕಿದೆ. ರಾತ್ರಿಯೆಲ್ಲ ಕಾದಿದ್ದಾಳೆ. ಬೆಳಿಗ್ಗೆ ಅವನು ಬಂದಿದ್ದಾನೆ, ಎದೆ ಮೇಲೆ ಬೇರೆಯವಳ ಉಗುರಿನ ಗುರುತು. ಅವಳು ಬಾಗಿಲಲ್ಲಿ ನಿಂತು ನಗುತ್ತಾಳೆ. "ಬನ್ನಿ, ಬನ್ನಿ, ದಣಿದಿದ್ದೀರಿ" ಎನ್ನುವ ನಗು. ನೋಡುವವರಿಗೆ ಹೊಟ್ಟೆಯಲ್ಲಿ ತಣ್ಣಗಾಗಬೇಕು. ಸೇವೆಯ ಉತ್ತರ: ಸಂತೋಷ, ಹಸಿರು ಬಣ್ಣದಲ್ಲಿ, ಪಟ್ಟಿಯ ಮುಕ್ಕಾಲು ಪಾಲು. ಜೊತೆಗೆ ಒಂದು ಸಲಹೆ, ನಿಮ್ಮ ಆತ್ಮೀಯ ಭಾವ ಚೆನ್ನಾಗಿದೆ, ಹೀಗೇ ಮುಂದುವರಿಸಿ ಎಂದು. ಓಪನ್‌ಫೇಸಿಗೂ ಅದೇ ತುಣುಕು ಕೊಟ್ಟೆ. ಎಯು 12 ಇದೆ, 14 ಇದೆ, ಅಂದರೆ ತುಟಿಯ ಮೂಲೆ ಬಿಗಿದು ಗುಳಿ ಬಿದ್ದಿದೆ. 6 ಇಲ್ಲ. 4 ಸ್ವಲ್ಪ ಇದೆ. ಇಷ್ಟೇ ಹೇಳಿ ಸುಮ್ಮನಾಯಿತು. ಒಂದು ದರ್ಜಿಯ ಟೇಪು, ಇನ್ನೊಂದು ಗಿಣಿಶಾಸ್ತ್ರ. ಅಳತೆ ಕೊಟ್ಟರೆ ಹೊಲಿಯುವುದು ನನಗೆ ಗೊತ್ತು.

ಇದು ಬರೀ ನೃತ್ಯದವರ ತಕರಾರು ಅಲ್ಲ. 2019ರಲ್ಲಿ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇನ್ನು ನಾಲ್ವರು ವಿಜ್ಞಾನಿಗಳು ಅಲ್ಲಿಯವರೆಗಿನ ಸಂಶೋಧನೆಗಳನ್ನು ಒಟ್ಟು ಹಾಕಿ ನೋಡಿದರು. ಕೋಪ ಬಂದಾಗ ಜನ ಹುಬ್ಬು ಗಂಟಿಕ್ಕಿ ಸಿಡುಕು ಮುಖ ಮಾಡುವುದು ಸುಮಾರು 30% ಸಲ ಮಾತ್ರ ಎಂದು ಕಂಡಿತು. ಉಳಿದ ಸಲ ಮುಖ ಬೇರೇನೋ ಮಾಡುತ್ತದೆ. ಹುಬ್ಬು ಗಂಟಿಕ್ಕಿದವರೆಲ್ಲ ಕೋಪಗೊಂಡವರೂ ಅಲ್ಲ. ನಾನು ಜಿಎಸ್‌ಟಿ ಲೆಕ್ಕ ಹಾಕುವಾಗ ನನ್ನ ಎಯು 4 ನೋಡಬೇಕು ನೀವು. ಇಂಥ ಸೇವೆಗಳಿಗೆ ಪಾಠವಾಗುವ ಚಿತ್ರಗಳೂ ಹಾಗೇ. 2013ರಲ್ಲಿ ಸ್ಪರ್ಧೆಯೊಂದಕ್ಕೆ ಮಾಡಿ ಆಮೇಲೆ ಎಲ್ಲೆಡೆ ಬಳಕೆಯಾದ ಒಂದು ಪ್ರಸಿದ್ಧ ಸಂಗ್ರಹದಲ್ಲಿ 35,887 ಮುಖಗಳಿವೆ. ಒಂದೊಂದೂ 48 ಪಿಕ್ಸೆಲ್ ಅಗಲ, 48 ಪಿಕ್ಸೆಲ್ ಎತ್ತರದ ಕಪ್ಪು ಬಿಳುಪು ಚಿತ್ರ, ಪ್ರತಿಯೊಂದಕ್ಕೂ ಏಳರಲ್ಲಿ ಒಂದು ಹೆಸರು. ಅದರಲ್ಲಿ ಮನುಷ್ಯರೇ ಸರಿ ಹೇಳುವುದು ಸುಮಾರು 65%. ಅಂಚೆ ಚೀಟಿಗಿಂತ ಚಿಕ್ಕ ಮುಖ ನೋಡಿ ಒಳಗಿನದ್ದು ಹೇಳು ಅಂದರೆ ಯಾರು ಹೇಳ್ತಾರೆ, ಅಲ್ವಾ?

ದೊಡ್ಡವರೂ ಹಿಂದೆ ಸರಿದಿದ್ದಾರೆ. ಮುಖ ನೋಡಿ ಭಾವನೆ ಹೇಳುವ ಸೌಲಭ್ಯವನ್ನು ತನ್ನ ಫೇಸ್ ಸೇವೆಯಿಂದ ತೆಗೆಯುವುದಾಗಿ ಮೈಕ್ರೋಸಾಫ್ಟ್ 2022ರಲ್ಲಿ ಹೇಳಿತು. ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಕೆಲಸದ ಜಾಗದಲ್ಲೂ ಶಾಲೆ ಕಾಲೇಜುಗಳಲ್ಲೂ ಇಂಥ ಭಾವನೆ ಪತ್ತೆಯನ್ನು ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. 2025ರ ಫೆಬ್ರವರಿ 2ರಿಂದ ಅದು ಜಾರಿಯಲ್ಲಿದೆ. ನನ್ನ ದೊಡ್ಡ ಹುಡುಗಿಯರಲ್ಲಿ ಕೆಲವರು ಕ್ಯಾಂಪಸ್ ಇಂಟರ್‌ವ್ಯೂಗೆ ಓಡಾಡುವ ವಯಸ್ಸಿನವರು. ಅವರ ಖಂಡಿತಾ ನಗುವನ್ನು ಸಂತೋಷ ಎಂದು ಓದಿದ ಯಂತ್ರವೇ ನಾಳೆ ಅವರ ಗಂಭೀರ ಮುಖವನ್ನು "ಉತ್ಸಾಹ ಕಡಿಮೆ" ಎಂದು ಓದೀತು ಎಂಬ ಯೋಚನೆ ನನಗೆ ಬಾರದೆ ಇರಲಿಲ್ಲ.

ಚಂದಾ ನಿಲ್ಲಿಸಿದ್ದು ಮಾತ್ರ ಬೇರೆ ಕಾರಣಕ್ಕೆ. ಒಬ್ಬ ಹುಡುಗಿಯ ತಾಯಿ ಕೇಳಿದರು, "ಮೇಡಂ, ಈ ವಿಡಿಯೋ ಎಲ್ಲಿಗೆ ಹೋಗುತ್ತೆ?" ಒಳ್ಳೆಯ ಪ್ರಶ್ನೆ. ಸೇವೆಯವರಿಗೆ ಮೇಲ್ ಬರೆದೆ. ವಿಡಿಯೋ ಯಾವ ಸರ್ವರಿನಲ್ಲಿದೆ, ಎಷ್ಟು ದಿನ ಇಡುತ್ತೀರಿ, ಅಳಿಸಲು ಏನು ಮಾಡಬೇಕು ಎಂದು. ಬಂದದ್ದು ನಿಯಮಾವಳಿಯ ಲಿಂಕ್. ಮತ್ತೆ ಬರೆದರೆ ಮತ್ತೆ ಅದೇ ಲಿಂಕ್. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದಕ್ಕೂ ತಡೆ ಇದೆ. ಈ ಸೇವೆಯಲ್ಲಿ ವಯಸ್ಸು ಕೇಳುವ ಒಂದು ಚೌಕವೂ ಇರಲಿಲ್ಲ. ಓಪನ್‌ಫೇಸ್ ನನ್ನ ಲ್ಯಾಪ್‌ಟಾಪಿನೊಳಗೇ ಓಡುತ್ತದೆ. ವೈಫೈ ಆರಿಸಿಟ್ಟು ಕೆಲಸ ಮಾಡಬಹುದು. ಈಗ ಪಾಲಕರಿಂದ ಚೀಟಿಯಲ್ಲಿ ಒಪ್ಪಿಗೆ ಬರೆಸಿಕೊಂಡೇ ಚಿತ್ರೀಕರಿಸುತ್ತೇನೆ. ಗ್ರಾಫ್ ತೋರಿಸಿದ ಮೇಲೆ ವಿಡಿಯೋ ಅವರ ಎದುರಿಗೇ ಅಳಿಸುತ್ತೇನೆ.

ಲೈಸೆನ್ಸ್ ಒಂದು ನೋಡಿಕೊಳ್ಳಿ. ಓಪನ್‌ಫೇಸ್ ಉಚಿತ ಇರುವುದು ಶಿಕ್ಷಣ ಸಂಸ್ಥೆಗಳ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ವ್ಯಾಪಾರಕ್ಕಲ್ಲದ ಸಂಶೋಧನೆಗೆ. ವ್ಯಾಪಾರಕ್ಕೆ ಬೇರೆ ಲೈಸೆನ್ಸ್ ಕೊಳ್ಳಬೇಕು. "ಕಂಪ್ಯೂಟರ್ ಆಧಾರಿತ ಅಭಿನಯ ತರಬೇತಿ" ಎಂದು ಬೋರ್ಡ್ ಹಾಕಿ ಫೀಸ್ ಏರಿಸುವ ಆಲೋಚನೆ ಇದ್ದವರು ಮೊದಲು ಅದನ್ನು ಓದಿ. ನಾನು ಇದಕ್ಕೆಂದು ಯಾರಿಂದಲೂ ಒಂದು ರೂಪಾಯಿ ತೆಗೆದುಕೊಂಡಿಲ್ಲ. ಅರಂಗೇಟ್ರಂಗೆ, ಅಂದರೆ ರಂಗಪ್ರವೇಶಕ್ಕೆ, ಅಂಕಪಟ್ಟಿ ಕೊಡುವುದೂ ಇಲ್ಲ, ಒಬ್ಬ ತಂದೆ ಆಸೆಪಟ್ಟು ಕೇಳಿದರೂ.

ಒಂದು ಸ್ಟಾರ್ ಕಳೆದದ್ದು ಎಡ ಬಲದ ಭೇದ ಇಲ್ಲದ್ದಕ್ಕೆ, ಮತ್ತೆ ಹಾಕಿಕೊಳ್ಳುವ ರಗಳೆಗೆ. ಬಳಸುವವರಿಗೆ ಇಷ್ಟು: ಬೆಳಕು ಮುಖದ ಎದುರಿನಿಂದ ಬರಲಿ, ಕಿಟಕಿ ಬೆನ್ನ ಹಿಂದೆ ಇದ್ದರೆ ಚುಕ್ಕೆಗಳು ನಡುಗುತ್ತವೆ. ಫೋನನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಸಿಕ್ಕಿಸಿ, ಕಣ್ಣಿನ ಮಟ್ಟಕ್ಕೆ ಇಡಿ. ಮುಂಗೂದಲು ಹುಬ್ಬಿನ ಮೇಲೆ ಬೀಳದ ಹಾಗೆ ಕಟ್ಟಿಸಿ. ಫೈಲಿಗೆ ಮಗುವಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಇಡಬೇಡಿ, ವಿಂಡೋಸ್‌ನಲ್ಲಿ ತೆರೆಯದೆ ಹಟ ಹಿಡಿಯಬಹುದು. ಇಂಗ್ಲಿಷ್ ಅಕ್ಷರ, ತಾರೀಕು, ನಡುವೆ ಜಾಗ ಬಿಡದೆ.